ಶಿಷ್ಯನನ್ನರಿತು ಕಲಿಸಿದ ಯೋಗಾಚಾರ್ಯರು

ಯೋಗವನ್ನು ಬೋಧಿಸುವವನು ಮೊದಲು ಶಿಷ್ಯನನ್ನು ಅರಿಯಬೇಕು, ಆಸನವನ್ನು ಆಮೇಲೆ ಆರಿಸಬೇಕು ಎಂಬುದು ತಿರುಮಲೈ ಕೃಷ್ಣಮಾಚಾರ್ಯರ (1888–1989) ಬೋಧನತತ್ತ್ವದ ತಿರುಳು. ಅವರು ಶ್ರೀವೈಷ್ಣವ ಸಂಪ್ರದಾಯದವರು. ಆದರೂ ಷಟ್‌ಸ್ಥಲದಲ್ಲಿ ಸಾಧಕನ ಅಧಿಕಾರಭೇದವನ್ನು ಬಲ್ಲವರಿಗೆ ಈ ತತ್ತ್ವ ಅಪರಿಚಿತವೆನಿಸದು.

ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ ಜನಿಸಿದ ಆಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, 1933ರಲ್ಲಿ, ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸತೊಡಗಿದರು. ಅಲ್ಲಿ ಕಲಿತವರಲ್ಲಿ ಅರಸು ಮನೆತನದ ಬಾಲಕರು ಬಹುಮಂದಿ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ ಅಂತಹ ಮನೆತನಗಳ ನೆಲೆಗಳಲ್ಲೊಂದು. ಎಳೆಯ ಮೈಗಳಿಗೆ ಒಪ್ಪುವಂತೆ ಆಚಾರ್ಯರು ನೆಗೆತ, ಬಾಗುಗಳಿಂದ ಕೂಡಿದ ವೇಗದ ಕ್ರಮವನ್ನು ರೂಪಿಸಿದರು. 1934ರ ‘ಯೋಗಮಕರಂದ’, 1941ರ ‘ಯೋಗಾಸನಗಳು’ ಎರಡೂ ಅವರು ಕನ್ನಡದಲ್ಲಿಯೇ ಬರೆದ ಗ್ರಂಥಗಳು. ಹೊರದೇಶದವರು ಅನುವಾದದಲ್ಲಿ ಹುಡುಕಿ ಓದುವ ಈ ಪುಸ್ತಕಗಳನ್ನು ಕನ್ನಡಿಗರೇ ಮರೆತಂತಿರುವುದು ವಿಷಾದದ ಸಂಗತಿ. ಎರಡನೆಯ ಗ್ರಂಥದಲ್ಲಿ ಆಸನಗಳನ್ನು ಮೂರು ತರಗತಿಗಳಾಗಿ ವಿಂಗಡಿಸಲಾಗಿದೆ. ಒಂದು ಮೆಟ್ಟಿಲು ಗಟ್ಟಿಯಾಗದೆ ಮುಂದಿನದಕ್ಕೆ ಕಾಲಿಡಲಾಗದು ಎಂಬ ವಿವೇಕ ಆ ವಿಂಗಡಣೆಯಲ್ಲಿದೆ.

ಯೋಗಶಾಲೆ 1950ರ ಸುಮಾರಿಗೆ ಮುಚ್ಚಿತು. ಬಳಿಕ ಮದರಾಸಿನಲ್ಲಿ ನೆಲಸಿದ ಆಚಾರ್ಯರ ಬಳಿಗೆ ರೋಗಿಗಳೂ ವೃದ್ಧರೂ ಗೃಹಸ್ಥರೂ ಬಂದರು. ಆಗ ಅವರು ನಾಡಿ ನೋಡಿ, ಉಸಿರಿನ ಗತಿಯನ್ನು ಗಮನಿಸಿ, ಒಬ್ಬೊಬ್ಬರಿಗೆ ಒಂದೊಂದು ಬಗೆಯಾಗಿ ಕಲಿಸಿದರು. ಮೈಸೂರಿನ ಶಿಷ್ಯರೂ ಮದರಾಸಿನ ಶಿಷ್ಯರೂ ಹೇಳುವ ಯೋಗ ಬೇರೆಬೇರೆಯಾಗಿ ತೋರುವುದಕ್ಕೆ ಇದೇ ಕಾರಣ. ಆಚಾರ್ಯರು ತತ್ತ್ವವನ್ನು ಬಿಡಲಿಲ್ಲ; ಎದುರಿಗಿದ್ದ ದೇಹ ಬದಲಾಯಿತು, ಪಾಠವೂ ಬದಲಾಯಿತು.

ಆದರೆ ಮೈಸೂರಿನ ದಿನಗಳ ಆಚಾರ್ಯರು ಕಠಿಣರು. ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರು (1918–2014) ಅವರ ಭಾವಮೈದುನರು, ರೋಗಪೀಡಿತ ಬಾಲಕರಾಗಿ 1934ರಲ್ಲಿ ಅವರ ಬಳಿಗೆ ಬಂದವರು. ಗುರುವಿನ ಶಿಕ್ಷೆಯ ಉಗ್ರತೆಯನ್ನು ಅವರು ಮುಂದೆ ಮರೆಮಾಚದೆ ಹೇಳಿದ್ದಾರೆ. ಶಿಷ್ಯನನ್ನು ಅರಿಯಬೇಕೆಂಬ ತತ್ತ್ವವು ಆ ಉಗ್ರತೆಗೆ ಸಮರ್ಥನೆಯಾಗಲಾರದು. 1937ರಲ್ಲಿ ಪುಣೆಗೆ ಕಳುಹಿಸಲ್ಪಟ್ಟಾಗ ಅಯ್ಯಂಗಾರರಿಗೆ ದೊರೆತಿದ್ದ ಪಾಠ ಅಲ್ಪ. ಅವರು ತಮ್ಮ ನೋಯುವ ಮೈಯನ್ನೇ ಗ್ರಂಥವೆಂದು ಓದಿಕೊಂಡರು. ಎಲ್ಲಿ ಬಾಗದು, ಏಕೆ ಬಾಗದು ಎಂದು ತಮ್ಮಲ್ಲೇ ಪರೀಕ್ಷಿಸಿದರು. ಮುಂದೆ ಹಗ್ಗ, ಕುರ್ಚಿ, ಮರದ ತುಂಡುಗಳನ್ನು ಆಸರೆಯಾಗಿ ಕೊಟ್ಟು ಅಶಕ್ತರಿಗೂ ಆಸನ ಸಾಧ್ಯವಾಗುವಂತೆ ಮಾಡಿದರು. ಗುರುವಿನ ತತ್ತ್ವವು ಶಿಷ್ಯನಲ್ಲಿ ಆತ್ಮಾನ್ವೇಷಣೆಯ ಮೂಲಕ ಹೀಗೆ ಮರುಹುಟ್ಟು ಪಡೆಯಿತು.

2015ರಿಂದ ಪ್ರತಿವರ್ಷ ಜೂನ್ 21ರಂದು ಅಂತರರಾಷ್ಟ್ರೀಯ ಯೋಗದಿನ ನಡೆಯುತ್ತಿದೆ. 2022ರಲ್ಲಿ ಮೈಸೂರಿನ ಅರಮನೆಯ ಅಂಗಳದಲ್ಲಿ ಸಾವಿರಾರು ಜನ ಒಂದೇ ಸೂಚನೆಗೆ ಕೈಯೆತ್ತಿದರು. ಇಂತಹ ಸಮೂಹಾಚರಣೆ ಆಸಕ್ತಿ ಹುಟ್ಟಿಸೀತು; ಕಲಿಕೆಯ ಕೆಲಸ ಮರುದಿನದಿಂದ ಆರಂಭ. ಕೃಷ್ಣರಾಜನಗರದ ನಾಲೆಯ ಬಯಲಿನಲ್ಲಿ ದಿನವಿಡೀ ಬಗ್ಗಿ ನಾಟಿ ಮಾಡಿದ ಹೆಂಗಸಿಗೂ, ಹುಣಸೂರು, ಪಿರಿಯಾಪಟ್ಟಣಗಳಲ್ಲಿ ತಂಬಾಕಿನ ಬ್ಯಾರನ್ನಿನ ಬೆಂಕಿ ಕಾಯುತ್ತ ರಾತ್ರಿ ನಿದ್ದೆಗೆಟ್ಟ ರೈತನಿಗೂ, ಹೆಗ್ಗಡದೇವನಕೋಟೆಯ ಕಾಡಂಚಿನಿಂದ ಶಾಲೆಗೆ ನಡೆದು ಬರುವ ಬಾಲಕನಿಗೂ ಒಂದೇ ಪಟ್ಟಿಯ ಆಸನಗಳು ಹೊಂದುವುದೆಂತು? ಆ ಹೆಂಗಸಿಗೆ ಮತ್ತೆ ಮುಂದಕ್ಕೆ ಬಾಗುವುದನ್ನು ಹೇಳಿಕೊಡುವ ಮುನ್ನ, ಅವಳ ಬೆನ್ನು ಎಷ್ಟು ಹೊತ್ತು ಬಾಗಿತ್ತೆಂದು ಕೇಳುವ ಉಪಾಧ್ಯಾಯ ಬೇಕು.