ಹೆಗಲಿಗೊಪ್ಪುವ ಮರ

ಕೋವಿ ಎಂಬ ನಮ್ಮ ಮಾತಿಗೆ ಮೂಲದಲ್ಲಿ ಕೊಳವೆಯೆಂದೇ ಅರ್ಥ. ಬಂದೂಕು ಎಂಬುದು ಅರಬ್ಬೀ ನುಡಿಯಿಂದ ದೂರ ಹಾದಿಯಲ್ಲಿ ನಮ್ಮೂರಿಗೆ ಬಂದದ್ದು. ಅಲ್ಲಿ ಅದು ಗುಂಡಗಿನ ಒಂದು ಕಾಯನ್ನೂ ಅದನ್ನು ಹೋಲುವ ಗುಂಡನ್ನೂ ಸೂಚಿಸುತ್ತಿತ್ತು. ಒಂದು ಮಾತು ಕಬ್ಬಿಣದ ನಳಿಗೆಯನ್ನು ನೋಡಿ ಹುಟ್ಟಿತು, ಇನ್ನೊಂದು ನಳಿಗೆಯಿಂದ ಹಾರುವ ವಸ್ತುವನ್ನು ನೋಡಿ ಹುಟ್ಟಿತು. ಆದರೆ ಇವೆರಡರ ಹಿಂದೆ, ಮನುಷ್ಯನ ಹೆಗಲಿಗೂ ಕೆನ್ನೆಗೂ ಆತುಕೊಳ್ಳುವ ಮರದ ಭಾಗವೊಂದು ಉಂಟು. ಅದನ್ನು ಕವಾಯತಿನ ಮೈದಾನದವರು ಬಟ್ ಎನ್ನುತ್ತಾರೆ, ಕ್ರೀಡೆಯವರು ಸ್ಟಾಕ್ ಎನ್ನುತ್ತಾರೆ, ನಮ್ಮ ಬೀದಿಯ ಬಡಗಿ ಆಚಾರ್ರು ಬರಿಯ ಹಿಡಿ ಎಂದು ಕರೆದು ಮುಗಿಸುತ್ತಾರೆ. ಇಡೀ ಆಯುಧದಲ್ಲಿ ಮನುಷ್ಯನ ಮೈಯನ್ನು ಬಲ್ಲ ಭಾಗ ಅದೊಂದೇ. ಈ ಲೇಖನ ಆ ಮರವನ್ನು ಕುರಿತದ್ದು.

ಆ ಮರದ ಚರಿತ್ರೆಯೂ ಸ್ವಾರಸ್ಯವಾದದ್ದೇ. ೧೫೪೩ರಲ್ಲಿ ಪೋರ್ಚುಗೀಸರ ಮೂಲಕ ಬತ್ತಿಯ ಕೋವಿ ಜಪಾನಿನ ತಾನೆಗಾಶಿಮಾ ದ್ವೀಪವನ್ನು ಮುಟ್ಟಿತು. ಅದರ ಹಿಡಿ ಬಹು ಗಿಡ್ಡ. ಅದನ್ನು ಹೆಗಲಿಗೆ ಒತ್ತುವಂತಿಲ್ಲ. ಕೆನ್ನೆಗೆ ಆನಿಸಿ ಗುರಿಯಿಡಬೇಕು. ಜಪಾನೀಯರು ಮುಂದೆ ಶತಮಾನಗಳ ಕಾಲ ಆ ರೂಪವನ್ನೇ ಉಳಿಸಿಕೊಂಡರು. ಐರೋಪ್ಯರಾದರೋ ಹೆಗಲಿಗೆ ಒರಗುವ ಅಗಲವಾದ ಹಿಡಿಯನ್ನು ಬೆಳೆಸಿದರು. ಹತ್ತೊಂಬತ್ತನೆಯ ಶತಮಾನದ ಜರ್ಮನ್ ಗುರಿಕಾರರು ಇನ್ನೂ ಮುಂದೆ ಹೋಗಿ, ಕೆನ್ನೆಗೆಂದು ಒಂದು ಉಬ್ಬನ್ನೂ ತೋಳನ್ನು ತಬ್ಬುವ ಬಾಗಿದ ಕೊಕ್ಕೆಯನ್ನೂ ಸೇರಿಸಿದರು. ಕಬ್ಬಿಣ ಒಂದೇ ಬಗೆಯ ಕೆಲಸವನ್ನು ಮಾಡುತ್ತಿದ್ದರೂ ಮರ ಮಾತ್ರ ದೇಶದಿಂದ ದೇಶಕ್ಕೆ, ಮೈಯಿಂದ ಮೈಗೆ ರೂಪವನ್ನು ಬದಲಿಸುತ್ತ ಬಂದಿತು.

ನಮ್ಮ ನಾಡಿನಲ್ಲಿ ಕೋವಿಯ ಮಾತೆತ್ತಿದರೆ ಕೊಡಗು ನೆನಪಾಗದೆ ಇರದು. ೧೮೬೧ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಆಯುಧ ಕಾನೂನಿನಿಂದ ವಿನಾಯಿತಿ ಕೊಟ್ಟರು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಸಲ್ಲುವ ಆ ವಿನಾಯಿತಿಯನ್ನು ೨೦೧೯ರಲ್ಲಿ ಕೇಂದ್ರ ಸರ್ಕಾರ ೨೦೨೯ರವರೆಗೆ ಮುಂದುವರಿಸಿತು. ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಮನೆಯ ಕೋವಿಯನ್ನು ತೊಳೆದು, ಒರಸಿ, ಅಗ್ನಿಶಿಖೆಯ ಹೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ. ಅಂತಹ ಮನೆಗಳಲ್ಲಿ ಕೋವಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವ ಆಸ್ತಿ. ಆದರೆ ಆಸ್ತಿ ಇಳಿದು ಬಂದಂತೆ ತೋಳಿನ ಉದ್ದವೂ ಇಳಿದು ಬರಬೇಕೆಂಬ ನಿಯಮವಿಲ್ಲವಷ್ಟೆ. ಅಜ್ಜನ ಹೆಗಲಿಗೆ ಹೇಳಿ ಮಾಡಿಸಿದಂತಿದ್ದ ಹಿಡಿ ಮೊಮ್ಮಗನಿಗೆ ಉದ್ದವಾಗಬಹುದು, ಮೊಮ್ಮಗಳಿಗೆ ಇನ್ನೂ ಉದ್ದವಾಗಬಹುದು.

ಯಲಹಂಕದ ಹಳೆಯ ಊರಿನಲ್ಲಿ ಕುಳಿತಿರುವ ನನ್ನಂತಹ ನಿವೃತ್ತ ಗಣಿತದ ಮೇಷ್ಟರಿಗೆ ಈ ವಿಚಾರವೆಲ್ಲ ಏಕೆ ಬೇಕಾಯಿತೆಂದು ವಾಚಕರು ಕೇಳಬಹುದು. ಅದಕ್ಕೆ ಕಾರಣ ಒಂಬತ್ತನೆಯ ತರಗತಿಯಲ್ಲಿದ್ದ ಒಬ್ಬ ಹುಡುಗಿ. ಸಂಜೆಯ ಹೊತ್ತು ನನ್ನಲ್ಲಿ ಲೆಕ್ಕ ಹೇಳಿಸಿಕೊಳ್ಳಲು ಬರುತ್ತಿದ್ದಳು. ತಂದೆ ಆಟೋ ಓಡಿಸುವವರು, ತಾಯಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರು. ಹೆಬ್ಬಾಳದ ಕಡೆ ಒಂದು ಕಟ್ಟಡದ ಮಹಡಿಯಲ್ಲಿ ಗಾಳಿ ರೈಫಲಿನ ಗುರಿ ಅಭ್ಯಾಸ ಮಾಡಿಸುತ್ತಾರೆ. ಅಲ್ಲಿ ಅವಳು ವಾರಕ್ಕೆ ಮೂರು ದಿನ ಹೋಗುತ್ತಿದ್ದಳು. ಕೆಲವು ತಿಂಗಳು ಕಳೆದ ಮೇಲೆ ಅವಳು ಪುಸ್ತಕದ ಮೇಲೆ ಬಗ್ಗುವಾಗ ಕತ್ತನ್ನು ಒಂದು ಕಡೆ ಹಿಡಿದುಕೊಂಡೇ ಇರುವುದು ನನ್ನ ಕಣ್ಣಿಗೆ ಬಿತ್ತು.

ತಾಯಿ ಬಂದವರು, "ಕತ್ತು ನೋಯಿಸ್ಕೊಂಡು ಆಡೋ ಆಟ ಯಾಕೆ ಮೇಷ್ಟ್ರೆ? ಈ ತಿಂಗಳಿಗೆ ಬಿಡಿಸ್ಬಿಡ್ತೀವಿ, ಓದ್ಕೊಳ್ಲಿ" ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹುಡುಗಿ ಹೇಳಿದ್ದು ಮಾತ್ರ ನನ್ನ ಮನಸ್ಸಿನಲ್ಲಿ ಉಳಿಯಿತು: "ನಾನು ಕುಳ್ಳಿ ಮೇಷ್ಟ್ರೆ, ನನ್ನ ಕೈ ಕತ್ತೇ ಇದಕ್ಕೆ ಸರಿಯಿಲ್ಲ."

ಹದಿನಾಲ್ಕು ವರ್ಷದ ಮಗು ತನ್ನ ಮೈಯೇ ತಪ್ಪು ಎಂಬ ತೀರ್ಮಾನಕ್ಕೆ ಬಂದಿತ್ತು. ಆಟ ನಿಂತರೆ ನಿಲ್ಲಲಿ. ಆ ತೀರ್ಮಾನವನ್ನು ಹಾಗೆಯೇ ನಿಲ್ಲಗೊಡಬಾರದೆಂದು ನನಗೆ ತೋರಿತು.

ಮರುದಿನ ಅವಳ ಜೊತೆಯಲ್ಲಿ ಹೋಗಿ ನೋಡಿದೆ. ಈ ಕ್ರೀಡೆಯ ಅಳತೆಗಳು ಗಣಿತದವರನ್ನೂ ಬೆರಗುಗೊಳಿಸುವಂಥವು. ಗುರಿ ಹತ್ತು ಮೀಟರ್ ದೂರದಲ್ಲಿ. ಅದರ ನಡುವಣ ಚುಕ್ಕೆಗೆ ಹತ್ತು ಅಂಕ. ಆ ಚುಕ್ಕೆಯ ವ್ಯಾಸ ಅರ್ಧ ಮಿಲಿಮೀಟರ್, ಎಂದರೆ ಒಂದು ರಾಗಿ ಕಾಳಿನ ಮೂರನೆಯ ಒಂದು ಪಾಲು. ಹಾರಿಸುವ ಸೀಸದ ಗುಂಡು ಅರ್ಧ ಗ್ರಾಮಿಗಿಂತ ತುಸು ಹೆಚ್ಚು. ನಿಂತೇ ಹೊಡೆಯಬೇಕು, ದೊಡ್ಡ ಪಂದ್ಯಗಳಲ್ಲಿ ಅರವತ್ತು ಸಲ. ರೈಫಲಿನ ತೂಕ ಐದೂವರೆ ಕಿಲೋ ಮೀರಬಾರದು. ೨೦೦೮ರ ಆಗಸ್ಟ್ ೧೧ರಂದು ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಭಾರತಕ್ಕೆ ಒಲಿಂಪಿಕ್ಸಿನ ಮೊತ್ತಮೊದಲ ವೈಯಕ್ತಿಕ ಚಿನ್ನವನ್ನು ತಂದದ್ದು ಈ ಸ್ಪರ್ಧೆಯಲ್ಲಿಯೇ. ಇಷ್ಟು ಸೂಕ್ಷ್ಮವಾದ ಕೆಲಸದಲ್ಲಿ ಸ್ನಾಯುವಿನ ಬಲವನ್ನು ನೆಚ್ಚುವಂತಿಲ್ಲ, ಏಕೆಂದರೆ ದಣಿದ ಸ್ನಾಯು ನಡುಗುತ್ತದೆ. ಭಾರವೆಲ್ಲ ಮೂಳೆಯ ಮೇಲೆ ಕೂರಬೇಕು, ತಲೆ ನೆಟ್ಟಗಿರಬೇಕು, ಕಣ್ಣು ತಾನಾಗಿ ಗುರಿಕಿಂಡಿಯ ಹಿಂದೆ ಬಂದು ನಿಲ್ಲಬೇಕು.

ಹುಡುಗಿಯ ಕೈಯಲ್ಲಿದ್ದುದು ಬೆಳೆದ ಗಂಡಸಿನ ಅಳತೆಯ ರೈಫಲು. ಹಿಡಿಯ ಉದ್ದವನ್ನು ನೋಡುವುದಕ್ಕೆ ಹಳಬರ ಒಂದು ಸುಲಭ ವಿಧಾನ ಉಂಟು: ಗುಂಡಿಲ್ಲವೆಂದು ಖಾತರಿ ಮಾಡಿಕೊಂಡ ರೈಫಲಿನ ಹಿಂತುದಿಯನ್ನು ಮೊಳಕೈಯ ಒಳಮಡಿಕೆಗೆ ಆನಿಸಿದರೆ ತೋರುಬೆರಳಿನ ಮೊದಲ ಗೆಣ್ಣು ಕುದುರೆಯನ್ನು ಮುಟ್ಟಬೇಕು. ಇದು ನಮ್ಮ ಮೊಳದ ಅಳತೆಯ ಒಡಹುಟ್ಟಿದ್ದೇ ಅಲ್ಲವೆ! ಗೇಣು, ಮೊಳ, ಮಾರು ಎಂದು ಮೈಯನ್ನೇ ಅಳತೆಗೋಲು ಮಾಡಿಕೊಂಡ ಜನ ನಾವು. ಅಳೆದು ನೋಡಿದಾಗ ಮರ ಅವಳಿಗೆ ನಾಲ್ಕು ಸೆಂಟಿಮೀಟರ್ ಉದ್ದವಿತ್ತು. ಅಷ್ಟನ್ನು ಸರಿದೂಗಿಸಲು ಅವಳು ಬೆನ್ನನ್ನು ಹಿಂದಕ್ಕೆ ಬಗ್ಗಿಸಿ ಕತ್ತನ್ನು ಮುಂದಕ್ಕೆ ಚಾಚುತ್ತಿದ್ದಳು. ಅದೂ ಸಾಲದೆಂಬಂತೆ, ಕೆನ್ನೆಯನ್ನು ಮರಕ್ಕೆ ಒರಗಿಸಿದರೆ ಕಣ್ಣು ಕಿಂಡಿಗಿಂತ ಒಂದು ಬೆರಳಿನಷ್ಟು ಕೆಳಗೆ; ಕಣ್ಣನ್ನು ಕಿಂಡಿಗೆ ಎತ್ತಿದರೆ ಕೆನ್ನೆಗೆ ಆಸರೆಯಿಲ್ಲ. ತಲೆಯ ಭಾರವನ್ನೆಲ್ಲ ಕತ್ತಿನ ನರಗಳು ಹೊರಬೇಕಾಗಿತ್ತು. ನೋವಿಗೆ ಬೇರೆ ಕಾರಣವನ್ನು ಹುಡುಕಬೇಕಾಗಿರಲಿಲ್ಲ.

ಉದ್ದವನ್ನೂ ಎತ್ತರವನ್ನೂ ಹೊಂದಿಸಿಕೊಳ್ಳಬಲ್ಲ ರೈಫಲುಗಳು ಜರ್ಮನಿಯಿಂದ ಬರುತ್ತವೆ, ಬೆಲೆ ಲಕ್ಷಗಳಲ್ಲಿ. ಆಟೋ ಓಡಿಸುವ ಮನೆಗೆ ಅದು ಎಟುಕದು. ಆದ್ದರಿಂದ ಹಿಡಿಯನ್ನಷ್ಟೇ ನಾವೇ ಮಾಡಿದರೇನು ಎಂದು ಶಿಕ್ಷಕರನ್ನು ಕೇಳಿದೆ. ಅವರು ಒಪ್ಪಿದರು, ಹಳೆಯ ಮರಕ್ಕೆ ಒಂದು ಗೀರೂ ಬೀಳಕೂಡದು, ಯಂತ್ರದ ಭಾಗವನ್ನು ಯಾರೂ ಮುಟ್ಟಕೂಡದು ಎಂಬ ಎರಡು ಷರತ್ತು ಹಾಕಿದರು. ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಸಿಡಿಮದ್ದಿನ ರೈಫಲನ್ನು ಮನೆಯಲ್ಲಿ ಬಿಚ್ಚಿ ತಿದ್ದುವುದಕ್ಕೆ ೧೯೫೯ರ ಶಸ್ತ್ರ ಕಾಯಿದೆ ಎಡೆಗೊಡುವುದಿಲ್ಲ. ಅದರ ದುರಸ್ತಿಗೂ ಪರವಾನಗಿ ಪಡೆದವರೇ ಬೇಕು. ನಮ್ಮದು ೪.೫ ಮಿಲಿಮೀಟರ್ ರಂಧ್ರದ, ೨೦ ಜೂಲಿಗಿಂತ ಬಹಳ ಕಡಿಮೆ ಶಕ್ತಿಯ ಗಾಳಿ ರೈಫಲು. ೨೦೧೬ರ ನಿಯಮಗಳಲ್ಲಿ ಇಂಥದಕ್ಕೆ ಪರವಾನಗಿಯ ಅಗತ್ಯವಿಲ್ಲ.

ನಮ್ಮ ಬೀದಿಯ ಆಚಾರ್ರು ಎಪ್ಪತ್ತರ ಹತ್ತಿರದವರು. ಎಳವೆಯಲ್ಲಿ ನೇಗಿಲು ಕೆತ್ತಿದವರು, ಈಗ ಬಾಗಿಲು ಕಿಟಕಿ ಮಾಡುವವರು. ರೈಫಲಿನ ಹೆಸರು ಕೇಳಿ ಮೊದಲು ಹಿಂಜರಿದರು. ಹುಡುಗಿಯನ್ನು ಕರೆದುಕೊಂಡು ಹೋಗಿ, ಕೋಲೊಂದನ್ನು ಹೆಗಲಿಗಿಟ್ಟು ನಿಲ್ಲಿಸಿ ತೋರಿಸಿದ ಮೇಲೆ ಅವರ ಮುಖ ಬದಲಾಯಿತು. "ಇದು ಮೇಣಿ ಕೆಲಸ ಕಣ್ರೀ ಮೇಷ್ಟ್ರೆ" ಎಂದರು. ಅವರ ತಂದೆಯವರು ನೇಗಿಲಿಗೆ ಮೇಣಿ ಹೂಡುವ ಮುನ್ನ ರೈತನನ್ನು ಅಂಗಳದಲ್ಲಿ ನಿಲ್ಲಿಸಿ ಅವನ ಸೊಂಟದ ಎತ್ತರಕ್ಕೆ ಗುರುತು ಹಾಕುತ್ತಿದ್ದರಂತೆ. ಅಣ್ಣನ ನೇಗಿಲನ್ನು ತಮ್ಮ ಹಿಡಿದರೆ ಸಂಜೆಗೆ ಬೆನ್ನು ಹೇಳುತ್ತಿತ್ತಂತೆ.

ಬಂದೂಕಿನ ಹಿಡಿಗೆ ಪರಂಪರೆಯಿಂದ ಬಂದ ಮರ ಅಕ್ರೋಟಿನದು. ಆಚಾರ್ರು ಅದರ ಗೋಜಿಗೆ ಹೋಗದೆ ಹಲಸನ್ನು ಆರಿಸಿದರು. ಹಳೆಯ ಮನೆಯೊಂದನ್ನು ಕೆಡವಿದಾಗ ಸಿಕ್ಕಿದ ತೊಲೆ. ಹಲವು ದಶಕ ಸೂರಿನ ಕೆಳಗೆ ಒಣಗಿದ್ದರಿಂದ ಇನ್ನು ತಿರುಚುವ ಭಯವಿಲ್ಲ. ವೀಣೆಗೂ ಮೃದಂಗಕ್ಕೂ ಒದಗುವ ಮರ ಒಂದು ಮಗುವಿನ ಕೆನ್ನೆಗೆ ಒರಗಲು ಅಯೋಗ್ಯವಾದೀತೆ? ಪೀಣ್ಯದ ಒಂದು ಲೇತ್ ಅಂಗಡಿಯಲ್ಲಿ ಹತ್ತು ಮಿಲಿಮೀಟರ್ ದಪ್ಪದ ನಾಲ್ಕು ಉಕ್ಕಿನ ಸರಳುಗಳನ್ನು ಮಾಡಿಸಿ, ಐದೈದು ಮಿಲಿಮೀಟರಿಗೆ ಒಂದರಂತೆ ಗೆರೆ ಕೊರೆಸಿ ತಂದೆ. ಎರಡು ಸರಳುಗಳ ಮೇಲೆ ಕೆನ್ನೆಯ ಹಲಗೆ ಏರಿಳಿಯಬೇಕು; ಇನ್ನೆರಡರ ಮೇಲೆ ಹೆಗಲಿನ ಹಲಗೆ ಹಿಂದೆ ಮುಂದೆ ಸರಿಯಬೇಕು; ಬೇಕಾದ ಗೆರೆಗೆ ಬಂದಾಗ ಕೈಯಿಂದಲೇ ತಿರುಗಿಸುವ ತಿರುಪಿನಿಂದ ಬಿಗಿಯಬೇಕು.

ಕಷ್ಟವಿದ್ದದ್ದು ಎರಡು ತೂತುಗಳನ್ನು ಒಂದಕ್ಕೊಂದು ಸಮಾನಾಂತರವಾಗಿ ಕೊರೆಯುವುದರಲ್ಲಿ. ಕೂದಲೆಳೆಯಷ್ಟು ಓರೆಯಾದರೂ ಸರಳು ಸಿಕ್ಕಿಕೊಳ್ಳುತ್ತದೆ. ಕೆನ್ನೆಯ ಹಲಗೆಯನ್ನು ಕೊಯ್ದು ಬೇರ್ಪಡಿಸಿ, ಆಮೇಲೆ ಎರಡರಲ್ಲಿಯೂ ತೂತು ಹಾಕುವುದೆಂದರೆ ಈ ಓರೆಗೆ ಆಹ್ವಾನವಿತ್ತಂತೆಯೇ. ಆಚಾರ್ರು ಕ್ರಮವನ್ನೇ ತಿರುಗಿಸಿದರು. ಮರ ಇಡಿಯಾಗಿರುವಾಗಲೇ ಮೇಲಿನಿಂದ ಕೆಳಕ್ಕೆ ಎರಡು ತೂತು ಕೊರೆದು, ಅನಂತರ ಗರಗಸ ಹಿಡಿದರು. "ಕೊಯ್ಯೋಕೆ ಮುಂಚೆ ತೂತು ಹಾಕ್ಬೇಕು ಮೇಷ್ಟ್ರೆ. ಕೊಯ್ದ್ಮೇಲೆ ಎರಡು ಮರ, ಎರಡು ಮನಸ್ಸು." ನಲವತ್ತು ವರ್ಷ ಸಮಾನಾಂತರ ರೇಖೆಗಳನ್ನು ಬೋಧಿಸಿದ ನಾನು ಇಷ್ಟು ಚೊಕ್ಕವಾದ ನಿರೂಪಣೆಯನ್ನು ಯಾವ ಪಠ್ಯದಲ್ಲಿಯೂ ಕಂಡಿರಲಿಲ್ಲ.

ಹಳೆಯ ಮರದ ಅಡಿಯ ತಿರುಪುಗಳನ್ನು ಶಿಕ್ಷಕರೇ ಬಿಚ್ಚಿ, ನಳಿಗೆಯ ಭಾಗವನ್ನು ಹೊಸ ಹಿಡಿಯಲ್ಲಿ ಕೂರಿಸಿದರು. ತಕ್ಕಡಿಯಲ್ಲಿಟ್ಟು ತೂಗಿದರು; ಮಿತಿಯೊಳಗೇ ಇತ್ತು. ಹುಡುಗಿ ಕಣ್ಣು ಮುಚ್ಚಿ ರೈಫಲನ್ನು ಹೆಗಲಿಗೆ ತಂದು, ಕೆನ್ನೆಯನ್ನು ಒರಗಿಸಿ, ಬಳಿಕ ಕಣ್ಣು ತೆರೆಯಬೇಕು. ತೆರೆದಾಗ ಕಿಂಡಿಯ ನಡುವೆ ಗುರಿ ಕಂಡರೆ ಅಳತೆ ಸರಿ. ಸರಳನ್ನು ಒಂದೊಂದೇ ಗೆರೆ ಸರಿಸುತ್ತ ಏಳನೆಯ ಸಲಕ್ಕೆ ಅವಳು "ಇಲ್ಲೇ" ಎಂದಳು. ಆ ಗೆರೆಗೆ ಆಚಾರ್ರು ಪೆನ್ಸಿಲಿನ ಗುರುತು ಹಾಕಿದರು.

ಕಥೆಯಾಗಿದ್ದರೆ ಅಂದೇ ಅವಳು ಹತ್ತಕ್ಕೆ ಹತ್ತು ಹೊಡೆಯಬೇಕಾಗಿತ್ತು. ಹಾಗಾಗಲಿಲ್ಲ. ಮೊದಲ ಎರಡು ವಾರ ಅಂಕಗಳು ಇಳಿದವು. ಸೊಟ್ಟಗೆ ನಿಂತು ಕಲಿತ ಮೈಗೆ ನೆಟ್ಟಗೆ ನಿಲ್ಲುವುದೇ ಅಪರಿಚಿತವಾಗಿತ್ತು. ಮೂರನೆಯ ವಾರ ಕತ್ತಿನ ನೋವು ನಿಂತಿತು. ಅಂಕಗಳು ಹಿಂದಿನ ಮಟ್ಟಕ್ಕೆ ಬಂದು, ಅದನ್ನು ದಾಟಿ, ನಿಧಾನವಾಗಿ ಏರತೊಡಗಿದವು. ಬಿಡಿಸುವ ಮಾತನ್ನು ತಾಯಿ ಮತ್ತೆ ಎತ್ತಲಿಲ್ಲ.

ಯಲಹಂಕದವರಿಗೆ ವಿಮಾನದ ಸದ್ದು ಹೊಸದಲ್ಲ. ವಾಯುನೆಲೆ ನಮ್ಮ ಮಗ್ಗುಲಲ್ಲೇ ಇದೆ, ೧೯೯೬ರಿಂದ ವೈಮಾನಿಕ ಪ್ರದರ್ಶನವೂ ನಡೆಯುತ್ತ ಬಂದಿದೆ. ಆ ಸದ್ದನ್ನು ಕೇಳಿದಾಗ ನನಗೆ ಅಮೆರಿಕದ ಒಂದು ಲೆಕ್ಕ ನೆನಪಾಗುತ್ತದೆ. ೧೯೫೦ರಲ್ಲಿ ಅಲ್ಲಿಯ ವಾಯುಪಡೆಯವರು ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ವೈಮಾನಿಕರ ಮೈಯನ್ನು ಅಳೆದರು. ಸರಾಸರಿ ಮನುಷ್ಯನಿಗೆ ತಕ್ಕ ಆಸನವನ್ನು ಕಟ್ಟುವ ಆಸೆ. ಗಿಲ್ಬರ್ಟ್ ಡೇನಿಯಲ್ಸ್ ಎಂಬ ತರುಣ ಹತ್ತು ಅಳತೆಗಳನ್ನು ಆರಿಸಿಕೊಂಡು, ಹತ್ತರಲ್ಲಿಯೂ ಸರಾಸರಿಯ ಆಸುಪಾಸಿಗೆ ಬರುವವರು ಎಷ್ಟು ಮಂದಿ ಎಂದು ಎಣಿಸಿದ. ೪,೦೬೩ ಮಂದಿಯಲ್ಲಿ ಒಬ್ಬನೂ ಇರಲಿಲ್ಲ. ಎಲ್ಲರಿಗೂ ಎಂದು ಮಾಡಿದ ಆಸನ ಯಾರಿಗೂ ಅಲ್ಲದ ಆಸನವಾಗಿತ್ತು. ಸರಿಸಿ ಹೊಂದಿಸುವ ಆಸನ, ಸರಿಸಿ ಹೊಂದಿಸುವ ಕಾಲ್ಮಣೆ ಬಂದದ್ದು ಈ ಅರಿವಿನಿಂದ. ಸರಾಸರಿಯನ್ನು ಕಂಡುಹಿಡಿಯುವುದನ್ನು ನಾನೂ ಸಾವಿರಾರು ಮಕ್ಕಳಿಗೆ ಕಲಿಸಿದ್ದೇನೆ. ಅದು ಗುಂಪನ್ನು ತಿಳಿಯಲು ಒಳ್ಳೆಯ ಸಾಧನ; ಒಂದು ಮಗುವನ್ನು ಅಳೆಯಲು ಅಲ್ಲ. ಶಾಲೆಯ ಬೆಂಚೂ ಕಚೇರಿಯ ಕುರ್ಚಿಯೂ ಹೊಲಿಗೆಯಂತ್ರದ ಮಣೆಯೂ ಇದೇ ಪಾಠವನ್ನು ಕಾಯುತ್ತಿವೆ. ಅಲ್ಲಿಯೂ ಬೆನ್ನು ನೋಯುವವರು ತಮ್ಮ ಬೆನ್ನನ್ನೇ ಬೈದುಕೊಳ್ಳುತ್ತಿರುತ್ತಾರೆ.

ಹುಡುಗಿ ಈಗ ಪಿ.ಯು.ಸಿ.ಯಲ್ಲಿದ್ದಾಳೆ. ಈ ಎರಡು ವರ್ಷಗಳಲ್ಲಿ ಹೆಗಲಿನ ಹಲಗೆ ಐದು ಗೆರೆ ಹಿಂದಕ್ಕೆ ಹೋಗಿದೆ, ಕೆನ್ನೆಯ ಹಲಗೆ ಎರಡು ಗೆರೆ ಇಳಿದಿದೆ. ಮಂಗಳವಾರ ಮತ್ತು ಶುಕ್ರವಾರ ಅದೇ ರೈಫಲನ್ನು ಹನ್ನೆರಡು ವರ್ಷದ ಇನ್ನೊಂದು ಮಗು ಹಿಡಿಯುತ್ತದೆ. ಅದು ಬರುವ ಮುನ್ನ ತಿರುಪನ್ನು ಸಡಿಲಿಸಿ, ಆಚಾರ್ರ ಮೊದಲ ಪೆನ್ಸಿಲ್ ಗುರುತಿಗೆ ಸರಳನ್ನು ತಂದು ಬಿಗಿದಿಡುವ ಕೆಲಸವನ್ನು ನಮ್ಮ ಹುಡುಗಿಯೇ ವಹಿಸಿಕೊಂಡಿದ್ದಾಳೆ.