ಮಹಡಿಯ ಮೆಟ್ಟಿಲು, ಬಾಗಿಲ ಎತ್ತು

ಕಾರಹುಣ್ಣಿಮೆಯೆಂದರೆ ನಮ್ಮ ಹಾವೇರಿ ಸೀಮೆಯ ರೈತರಿಗೆ ಎತ್ತುಗಳ ಹಬ್ಬ. ಕೊಂಬಿಗೆ ಬಣ್ಣ ಹಚ್ಚಿ ಎತ್ತುಗಳನ್ನು ಮೆರೆಸುವ ಸಂಭ್ರಮವನ್ನು ಕರ್ಜಗಿಯಲ್ಲಿ ನೋಡಬೇಕೆಂದು ಪೇಟೆಯ ಗೆಳತಿಯರು ಹಟ ಹಿಡಿದಾಗ, ಆ ಊರಿನವಳಾದ ನನ್ನ ವಿದ್ಯಾರ್ಥಿನಿಯೊಬ್ಬಳು ಏನೋ ನೆಪ ಹೇಳಿ ಅವರನ್ನು ತಪ್ಪಿಸಿದಳು. ಕಾರಣ ಕೇಳಿದೆ. ತಲೆ ತಗ್ಗಿಸಿ ಹೇಳಿದಳು: “ಸರ್, ಟೀವ್ಯಾಗ ಬಾಗಲಾ ತೆಗದರ ಮಹಡಿ ಮೆಟ್ಟಲಾ ಕಾಣತಾವ್ರಿ. ನಮ್ಮನ್ಯಾಗ ಎತ್ತು ಕಾಣತಾವು.”

ಎತ್ತಿನ ಹಬ್ಬದಂದೇ ಎತ್ತು ನಾಚಿಕೆಗೆ ಕಾರಣವಾಯಿತಲ್ಲ ಎಂದು ನನ್ನ ಮನಸ್ಸು ಮುದುಡಿತು.

ನಮ್ಮ ಧಾರಾವಾಹಿಗಳ ಸಿರಿವಂತಿಕೆಯನ್ನು ವಾಚಕರು ಬಲ್ಲರು. ವಿಶಾಲವಾದ ಹಜಾರ, ಮಲಗುವಾಗಲೂ ಮಾಸದ ರೇಷ್ಮೆ, ಹೊಗೆಯರಿಯದ ಅಡುಗೆಮನೆ! 2019ರಿಂದ 2023ರವರೆಗೆ ಪ್ರಸಾರವಾದ ‘ಜೊತೆ ಜೊತೆಯಲಿ’ಯಲ್ಲಿ ಮಧ್ಯಮವರ್ಗದ ತರುಣಿ ಅನು, ತನಗಿಂತ ಬಹಳ ಹಿರಿಯನಾದ ಉದ್ಯಮಿ ಆರ್ಯವರ್ಧನನ ಲೋಕವನ್ನು ಪ್ರವೇಶಿಸುತ್ತಾಳೆ. ನೋಡುವ ಹುಡುಗಿಯರೂ ಅವಳ ಹಿಂದೆಯೇ ಆ ಹೊಸ್ತಿಲು ದಾಟುತ್ತಾರೆ.

ಇದು ನಮ್ಮ ನಾಡಿನ ಮಾತು ಮಾತ್ರವಲ್ಲ. ಅಮೆರಿಕದಲ್ಲಿ 2007ರಿಂದ 2012ರವರೆಗೆ ಪ್ರಸಾರವಾದ ‘ಗಾಸಿಪ್ ಗರ್ಲ್’, ನ್ಯೂಯಾರ್ಕಿನ ಕೋಟ್ಯಧೀಶರ ಮಕ್ಕಳ ಕಥೆ. ಅಲ್ಲಿ ಹೊರಗಿನವನಾಗಿ ಬರುವ ಡ್ಯಾನ್ ಎಂಬ ಹುಡುಗನ ತಂದೆ ಕಲಾ ಗ್ಯಾಲರಿಯೊಂದರ ಒಡೆಯ! ಅವನೇ ಬಡವನಾದರೆ ನಿಜವಾದ ಬಡವನಿಗೆ ತೆರೆಯ ಮೇಲೆ ಠಾವೆಲ್ಲಿ? ಶ್ರೀಮಂತರನ್ನು ದುಷ್ಟರೆಂದು ತೋರಿಸಿದರೂ ಕಣ್ಣು ಅವರ ಉಡುಪನ್ನೇ ನೆಚ್ಚುತ್ತದೆ. ಬುದ್ಧಿ ಹೇಳುವ ನೀತಿಯನ್ನು ಕಣ್ಣು ಕೇಳುವುದಿಲ್ಲ.

ಆದರೆ ಇಂಥ ಕಥೆಗಳ ದೊಡ್ಡ ಲೋಪ ಆಡಂಬರವಲ್ಲ. ಹಣ ಎಲ್ಲಿಂದ ಬಂತೆಂಬುದನ್ನು ಅವು ಹೇಳದಿರುವುದು. ನಾಯಕ ಕಡತಕ್ಕೆ ಸಹಿ ಹಾಕುತ್ತಾನೆ. ಅಷ್ಟರಿಂದಲೇ ಅರಮನೆ ನಡೆಯುತ್ತದೆ. ನಮ್ಮ ನೆರೆಯ ಬ್ಯಾಡಗಿಗೆ ಹೋಗಿ ನೋಡಿರಿ. 2011ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಆ ಕೆಂಪು ಮೆಣಸಿನಕಾಯಿಯ ಮಾರುಕಟ್ಟೆಯಲ್ಲಿ ಸಾಹುಕಾರನೂ ಸೀನುತ್ತಾನೆ, ಹಮಾಲನೂ ಸೀನುತ್ತಾನೆ. ಅಲ್ಲಿ ಹಣಕ್ಕೆ ಘಾಟು ಉಂಟು, ತೂಕ ಉಂಟು, ಸಿಟ್ಟೂ ಉಂಟು. 2024ರ ಮಾರ್ಚಿಯಲ್ಲಿ ಬೆಲೆ ಕುಸಿದು ರೈತರ ಆಕ್ರೋಶ ಭುಗಿಲೆದ್ದಾಗ ಆ ಆವರಣದಲ್ಲಿ ವಾಹನಗಳೇ ಹೊತ್ತಿ ಉರಿದವು. ಯಾವ ಧಾರಾವಾಹಿಯ ಅರಮನೆಗೆ ಈ ಹೊಗೆ ತಟ್ಟೀತು?

ಈ ಜಿಲ್ಲೆಯ ಬಾಡದಲ್ಲಿ ಹುಟ್ಟಿದ ಕನಕದಾಸರು ಇಂಥದೇ ವ್ಯಾಜ್ಯವನ್ನು ನಾಲ್ಕು ಶತಮಾನಗಳಿಗೂ ಹಿಂದೆಯೇ ವಿಚಾರಣೆಗೆ ತಂದಿದ್ದರು. ‘ರಾಮಧಾನ್ಯ ಚರಿತೆ’ಯಲ್ಲಿ ಉಳ್ಳವರ ಭತ್ತವೂ ಬಡವರ ರಾಗಿಯೂ ಹಿರಿಮೆಗಾಗಿ ಜಗಳವಾಡುತ್ತವೆ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸುತ್ತಾನೆ. ಭತ್ತ ಸೊರಗುತ್ತದೆ, ರಾಗಿ ಉಳಿದು ರಾಮನ ಹೆಸರನ್ನೇ ಪಡೆಯುತ್ತದೆ. ಹೊಳಪನ್ನು ನೋಡಿ ತೀರ್ಪು ಕೊಡಬೇಡ, ಕಾಲದ ಪರೀಕ್ಷೆಗೆ ಒಡ್ಡು ಎಂಬುದು ಆ ಕಥೆಯ ವಿವೇಕ.

ಧಾರಾವಾಹಿ ನೋಡಬೇಡಿರೆಂದು ನಾನು ಹೇಳಲಾರೆ. ದಿನವಿಡೀ ದುಡಿದ ಜೀವಕ್ಕೆ ಅರ್ಧ ಗಂಟೆಯ ಕನಸು ಬೇಕು. ನಮ್ಮ ಮನೆಯಲ್ಲೂ ಆ ಹೊತ್ತಿಗೆ ಮಾತು ನಿಲ್ಲುತ್ತದೆ. ಆದರೆ ಕನಸು ಮುಗಿದ ಮೇಲೆ ಸ್ವಂತ ಮನೆಯ ಬಾಗಿಲು ಕಿರಿದಾಗಿ ಕಾಣಬಾರದು.

ತರಗತಿಯಲ್ಲಿ ರಾಮಧಾನ್ಯದ ಕಥೆ ಹೇಳಿದ ದಿನ ಆ ಹುಡುಗಿ ಏನೂ ಮಾತಾಡಲಿಲ್ಲ. ಮುಂದಿನ ಕಾರಹುಣ್ಣಿಮೆಗೆ ಗೆಳತಿಯರನ್ನು ಕರೆಯುವಳೋ ಇಲ್ಲವೋ ಅರಿಯೆ. ಕರೆದರೆ, ಅವಳ ಶುಲ್ಕವನ್ನು ದುಡಿದು ಕಟ್ಟಿದ ಆ ಎತ್ತುಗಳನ್ನು ಕಂಡುಬರಲು ನನಗೂ ಒಂದು ಕರೆ ಬರಲೆಂಬುದೇ ಆಸೆ.