ದಾರದ ಎಳೆ ಹಿಡಿದ ಕುಂಚ

ಸಕಲೇಶಪುರ, ಆಲೂರಿನ ಚಳಿಗೆ ಹೊದೆಯುವ ಕೌದಿ ಪೆಟ್ಟಿಗೆಯಲ್ಲಿ ಜೋಪಾನವಾಗಿರುವ ವಸ್ತುವಲ್ಲ. ಅಜ್ಜಿಯ ಹಳೇ ಸೀರೆ, ಮಕ್ಕಳ ಅಂಗಿ, ಪಂಚೆಯ ತುಂಡು ಪದರಪದರವಾಗಿ ಹೊಲಿಗೆ ಬಿದ್ದು ಕೌದಿಯಾಗುತ್ತವೆ. ಮಳೆಗಾಲಗಳು ಉರುಳಿದಂತೆ ಅದು ಹರಿದು ಕಾಲೊರೆಸಾಗುತ್ತದೆ, ಆಮೇಲೆ ಅದೂ ಇಲ್ಲ.

ಹೀಗೆ ಸವೆದುಹೋಗುವ ಮನೆಬಟ್ಟೆಯನ್ನು ಜಲವರ್ಣದಲ್ಲಿ ಉಳಿಸುವ ದೊಡ್ಡ ಕೆಲಸ ನಡೆದದ್ದು ಅಮೆರಿಕದಲ್ಲಿ, ಅದೂ ಕಾಸಿಗೆ ಬರ ಬಿದ್ದ ಕಾಲದಲ್ಲಿ. ಮಹಾ ಆರ್ಥಿಕ ಕುಸಿತದಿಂದ ಕೆಲಸವಿಲ್ಲದೆ ಕೂತ ಕಲಾವಿದರಿಗೆ 1935ರಲ್ಲಿ ಸರ್ಕಾರವೇ ಸಂಬಳ ಕೊಟ್ಟು ಹಳೆಯ ಕೌದಿ, ಹೊದಿಕೆ, ಗೊಂಬೆ, ಮಡಕೆಗಳ ಚಿತ್ರ ಬರೆಸಿತು. ‘ಇಂಡೆಕ್ಸ್ ಆಫ್ ಅಮೆರಿಕನ್ ಡಿಸೈನ್’ ಎಂಬ ಈ ಯೋಜನೆಯ ಮೂಲದಲ್ಲಿದ್ದವರು ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ರೊಮಾನಾ ಜಾವಿಟ್ಸ್ ಮತ್ತು ಜವಳಿ ವಿನ್ಯಾಸಗಾರ್ತಿ ರೂತ್ ರೀವ್ಸ್. 1942ರ ಹೊತ್ತಿಗೆ ಸುಮಾರು 18,000 ಚಿತ್ರಗಳಾದವು. ಅವು ಈಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ನಲ್ಲಿವೆ.

ಫೋಟೊ ಸಾಲದಿತ್ತೇ? ಬಣ್ಣದ ಫೋಟೊ ಆಗಿನ್ನೂ ದುಬಾರಿ, ಅದರ ಬಣ್ಣವನ್ನು ನಂಬುವುದೂ ಕಷ್ಟ. ಆದರೆ ಈ ಚಿತ್ರಗಳ ಮುಂದೆ ಆ ಕಾರಣ ಸಣ್ಣದೆನಿಸುತ್ತದೆ. ಕಲಾವಿದರು ಬಿಳಿ ಕಾಗದದ ಮೇಲೆ ತೆಳುಬಣ್ಣವನ್ನು ಪದರಪದರವಾಗಿ ಹಚ್ಚಿದರು. ಒಂದು ಒಣಗದೆ ಇನ್ನೊಂದಿಲ್ಲ. ಹೊಲಿಗೆ ಬಿಗಿದಲ್ಲಿ ಬಟ್ಟೆ ಕುಗ್ಗುತ್ತದೆ, ಎರಡು ಹೊಲಿಗೆಯ ನಡುವೆ ಉಬ್ಬುತ್ತದೆ. ಆ ಉಬ್ಬಿನ ಪಕ್ಕದ ಸಣ್ಣ ನೆರಳನ್ನೂ ಕುಂಚ ಬಿಡಲಿಲ್ಲ. ಎಷ್ಟೋ ಕಡೆ ಇಡೀ ಹೊದಿಕೆಯ ಗೋಜಿಗೆ ಹೋಗದೆ ಒಂದು ಮೂಲೆಯನ್ನಷ್ಟೇ ಬರೆದರು. ನನಗೆ ಅವೇ ಹೆಚ್ಚು ಇಷ್ಟ. ಪೂರ್ತಿ ಬರೆದರೆ ಕಣ್ಣು ವಿನ್ಯಾಸದ ಹಿಂದೆ ಓಡುತ್ತದೆ. ಮೂಲೆಯೊಂದೇ ಇದ್ದರೆ ಸೂಜಿ ಹಿಡಿದ ಕೈಯ ಹಿಂದೆ ಹೋಗುತ್ತದೆ.

ರೀವ್ಸ್ 1956ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಭಾರತಕ್ಕೆ ಬಂದರು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಮುನ್ನಡೆಸುತ್ತಿದ್ದ ಅಖಿಲ ಭಾರತ ಕರಕುಶಲ ಮಂಡಳಿಗೆ ಸಲಹೆಗಾರ್ತಿಯಾದರು. ಇಲ್ಲಿನ ಕುಶಲಕರ್ಮಿಗಳ ನಡುವೆಯೇ ವರ್ಷಗಳನ್ನು ಕಳೆದು, 1966ರಲ್ಲಿ ದೆಹಲಿಯಲ್ಲೇ ತೀರಿಕೊಂಡರು.

ನಮ್ಮ ಕೌದಿಗೂ ಇಂಥ ಕುಂಚ ಒಪ್ಪುತ್ತದೆ. ಮಾಸಿದ ಇಳಕಲ್ ಅಂಚು, ಅದರ ಪಕ್ಕ ಶಾಲೆಯ ಅಂಗಿಯ ನೀಲಿ, ಎರಡನ್ನೂ ದಾಟಿ ಓಡುವ ಬಿಳಿ ದಾರ; ಅಂಗೈಯಗಲ ಬರೆದರೂ ಮನೆಯಲ್ಲಿ ಯಾರ್‍ಯಾರಿದ್ದರೆಂದು ಗೊತ್ತಾಗುತ್ತದೆ. ಬರೆಯುವವರು ಕಾಫಿ ಕೊಯ್ಲು ಮುಗಿದ ಬೇಸಿಗೆಯಲ್ಲೇ ಕೂರಬೇಕು. ಜೂನ್ ಹಿಡಿದರೆ ಹಚ್ಚಿದ ಬಣ್ಣ ಒಣಗುವುದಿಲ್ಲ, ಕಾಗದಕ್ಕೆ ಬೂಷ್ಟು ಬರುತ್ತದೆ, ಕೌದಿಯನ್ನಂತೂ ಹೊದ್ದವರು ಬಿಟ್ಟುಕೊಡುವುದಿಲ್ಲ.